ಹೂಂಗುಟ್ಟುವ ಬೆಲ್ಟು

ಅತ್ತೆಯ ಗ್ಯಾರೇಜಿನಲ್ಲಿ ಕೈಗಳಿರುವ ಕುರ್ಚಿ ಒಂದೇ ಒಂದು. ಅದರಲ್ಲಿ ಅಜ್ಜಿ ಕೂತಿರುತ್ತಾಳೆ. ಗಿರಾಕಿಗಳು ಹಳೆಯ ಟೈರುಗಳ ಮೇಲೆ ಕೂರಬೇಕು, ಕೂತು ಕತೆ ಕೇಳಬೇಕು, ಕೇಳುತ್ತಾ ಹೂಂಗುಟ್ಟಬೇಕು. ಸಾಲಿಗೊಂದು 'ಹೂಂ' ಬೀಳದಿದ್ದರೆ ಅಜ್ಜಿ ಕತೆಯನ್ನು ಅಲ್ಲೇ ನಿಲ್ಲಿಸಿಬಿಡುತ್ತಾಳೆ. ಒಮ್ಮೆ ನಾನು ಏನೋ ಯೋಚಿಸುತ್ತಾ ಸುಮ್ಮನಿದ್ದುಬಿಟ್ಟೆ. ಪಾಪ, ಆ ಕತೆಯ ರಾಜಕುಮಾರ ಒಂದು ಕಾಲು ನೆಲದ ಮೇಲೆ, ಇನ್ನೊಂದು ಕಾಲು ಕುದುರೆಯ ಮೇಲೆ ಇಟ್ಟುಕೊಂಡು ಇವತ್ತಿಗೂ ಹಾಗೇ ನಿಂತಿದ್ದಾನೆ.

ಅಜ್ಜಿಯನ್ನು ಮನೆಯಲ್ಲಿ ಒಬ್ಬಳನ್ನೇ ಬಿಟ್ಟು ಬರುವುದು ಅತ್ತೆಗೆ ಸಾಧ್ಯವಿರಲಿಲ್ಲ. ಗೋಡೆಗಳು ಹೂಂಗುಟ್ಟುವುದಿಲ್ಲವಲ್ಲ. ಹೀಗಾಗಿ ಬೆಳಿಗ್ಗೆ ಶೆಡ್ಡಿನ ಬಾಗಿಲು ಮೇಲೆತ್ತಿದ ಕೂಡಲೇ ಮೊದಲು ಒಳಗೆ ಹೋಗುವುದು ಅಜ್ಜಿ, ಆಮೇಲೆ ಅಜ್ಜಿಯ ಕಾಲುಮಣೆ, ಆಮೇಲೆ ಬೆಳಕು. ಅತ್ತೆಯ ಬಲಗೈ ಮುರಿದದ್ದು ಆ ಕಾಲುಮಣೆಯನ್ನು ಎಡವಿಯೇ. ಇಡೀ ಜನ್ಮ ಬೈಕಿನ ಮೇಲೆ ಕಳೆದವಳು ಒಂದು ಗೇಣೆತ್ತರದ ಮಣೆ ಎಡವಿ ಬಿದ್ದಳೆಂದು ಬೀದಿಯವರೆಲ್ಲ ನಕ್ಕರು. ನಗದವಳು ಅತ್ತೆ ಒಬ್ಬಳೇ. ಕೈಗೆ ಪ್ಲಾಸ್ಟರ್ ಬಿತ್ತು, ಕೆಲಸವೆಲ್ಲ ನನ್ನ ಮೇಲೆ ಬಿತ್ತು.

ನನ್ನ ಕೈಗಳ ಬಗ್ಗೆ ಅತ್ತೆಗೆ ಯಾವ ತಕರಾರೂ ಇರಲಿಲ್ಲ. ತಕರಾರಿದ್ದದ್ದು ತಲೆಯ ಬಗ್ಗೆ. ಸಣ್ಣವಳಿದ್ದಾಗಿನಿಂದ ಅವಳು ನನ್ನನ್ನು ಕರೆಯುವುದೇ 'ಮೋಡ' ಎಂದು. "ಏ ಮೋಡ, ಆ ಸ್ಪ್ಯಾನರ್ ಕೊಡೇ." "ಏ ಮೋಡ, ಕೆಳಗೆ ಇಳಿದು ಬಾರೇ ಸ್ವಲ್ಪ." ಮೊನ್ನೆ ಒಂದು ಬೈಕಿನ ಏರ್ ಫಿಲ್ಟರ್ ಡಬ್ಬಿಯೊಳಗೆ ಒರೆಸುವ ಬಟ್ಟೆ ಮರೆತು ಮುಚ್ಚಳ ಹಾಕಿಬಿಟ್ಟಿದ್ದೆ. ಆ ಬೈಕು ಕೆಮ್ಮುತ್ತಾ ಹೋಯಿತು, ಕೆಮ್ಮುತ್ತಾ ವಾಪಸು ಬಂತು. ಆವತ್ತು ಸಂಜೆಯೇ ನನ್ನ ಚಿಕ್ಕಪ್ಪ, ಅಂದರೆ ಅತ್ತೆಯ ತಮ್ಮ, ಬಂದು ಟೈರಿನ ಮೇಲೆ ಕೂತ.

"ಅಕ್ಕಾ, ಇವಳನ್ನ ನನ್ನ ಅಂಗಡಿಗೆ ಕಳ್ಸು. ಜೆರಾಕ್ಸ್ ಮಿಷನ್ ಒಳಗೆ ಬಟ್ಟೆ ಮರೆತ್ರೂ ಯಾರೂ ಸಾಯಲ್ಲ."

ಚಿಕ್ಕಪ್ಪ ಒಳ್ಳೆಯವನು. ಆದರೆ ಅವನ ಅಂಗಡಿ! ಕಿಟಕಿಯಿಲ್ಲದ ಕೋಣೆ, ಟ್ಯೂಬ್‌ಲೈಟು, ಬಿಸಿ ಕಾಗದದ ವಾಸನೆ, ಒಂದೇ ಥರದ ಶಬ್ದ. ಒಂದು ಕಾಗದ ಹೋಗಿ ಅದರಂಥದೇ ಇನ್ನೊಂದು ಬರುವುದನ್ನು ದಿನವಿಡೀ ನೋಡುತ್ತಾ ನಿಲ್ಲಬೇಕು. ಅದಕ್ಕಿಂತ ಆ ಒಂಟಿಕಾಲಿನ ರಾಜಕುಮಾರನ ಬಾಳೇ ವಾಸಿ.

ಅತ್ತೆ ಬಹಳ ಹೊತ್ತು ಯೋಚಿಸಿ, ಮೂಲೆಯಲ್ಲಿ ನಿಂತಿದ್ದ ಕೆಂಪು ಬೈಕನ್ನು ಎಡಗೈಯಲ್ಲಿ ತೋರಿಸಿದಳು. ಅದು ಹಲ್ಲಿನ ಡಾಕ್ಟರಮ್ಮನದು. ಹೊಸ ಬಗೆಯ ಎಂಜಿನ್ನು, ಎರಡು ಸಿಲಿಂಡರಿನದು. ಒಂದು ಸಿಲಿಂಡರು ಮುಂದಕ್ಕೆ ಮಲಗಿದೆ, ಇನ್ನೊಂದು ನೆಟ್ಟಗೆ ನಿಂತಿದೆ. ಎರಡಕ್ಕೂ ಒಂದೊಂದು ಹಲ್ಲಿನ ಬೆಲ್ಟು. ಆ ಬೆಲ್ಟುಗಳನ್ನು ಬದಲಾಯಿಸುವ ಕಾಲ ಬಂದಿತ್ತು.

"ನಾಳೆ ಪ್ಲಾಸ್ಟರ್ ತೋರ್ಸೋಕೆ ಆಸ್ಪತ್ರೆಗೆ ಹೋಗ್ತೀನಿ. ಬರೋದ್ರೊಳಗೆ ಈ ಬೆಲ್ಟು ಎರಡೂ ನೀನೊಬ್ಬಳೇ ಹಾಕು," ಎಂದಳು. "ಸರಿ ಬಂತೋ, ಇಲ್ಲೇ ಇರು. ಈ ಮಾತು ಮತ್ತೆ ಎತ್ತಲ್ಲ. ತಪ್ಪಿತೋ, ಸೋಮವಾರದಿಂದ ಚಿಕ್ಕಪ್ಪನ ಅಂಗಡಿ."

"ಬೆಳಕಿರೋ ಜಾಗದಲ್ಲೇ ಒಂದು ಸ್ಟೂಲ್ ಹಾಕಿಡ್ತೀನಿ," ಎಂದ ಚಿಕ್ಕಪ್ಪ, ಈಗಲೇ ಗೆದ್ದವನ ಹಾಗೆ.

ಮರುದಿನ ಅವರಿಬ್ಬರೂ ಆಸ್ಪತ್ರೆಗೆ ಹೊರಟರು. ಶೆಡ್ಡಿನಲ್ಲಿ ನಾನು, ಅಜ್ಜಿ ಮತ್ತು ಕೆಂಪು ಬೈಕು ಉಳಿದೆವು.

ನಾನು ಅಂಗಿಯ ತೋಳು ಮಡಚಿಕೊಂಡು ಮೊದಲು ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿದೆ. ಪ್ಲಗ್ಗು ತೆಗೆದರೆ ಎಂಜಿನ್ನು ಉಸಿರು ಬಿಟ್ಟ ಹಾಗೆ ಹಗುರಾಗುತ್ತದೆ, ಕೈಯಲ್ಲೇ ತಿರುಗಿಸಬಹುದು. ಆಮೇಲೆ ಪಕ್ಕದ ಕಪ್ಪು ಮುಚ್ಚಳಗಳನ್ನು ತೆಗೆದೆ. ಒಳಗೆ ಎರಡು ಬೆಲ್ಟುಗಳು, ಅಂಚಿನಲ್ಲಿ ನೂಲು ಎದ್ದು, ಹಳೆಯ ಚೀಲದ ಹಿಡಿಕೆಯ ಹಾಗೆ ಕಂಡವು.

"ಏನೇ ಅದು, ಇಷ್ಟು ದೊಡ್ಡ ಗಾಡಿಗೆ ಪಟ್ಟಿ ಇಷ್ಟೇನಾ?" ಅಜ್ಜಿ ಕುರ್ಚಿಯಿಂದ ಬಗ್ಗಿ ನೋಡಿದಳು.

"ಇಷ್ಟೇ ಅಜ್ಜಿ. ಆದ್ರೆ ಇದು ತಪ್ಪಿದ್ರೆ ಎಂಜಿನ್ನೇ ಹೋಯ್ತು."

"ಅದು ಹೇಗೆ?"

ಅಜ್ಜಿಗೆ ಇದು ಗೊತ್ತಿಲ್ಲದೆ ಏನಿಲ್ಲ. ಆದರೆ ತನಗೆ ಗೊತ್ತಿರುವುದನ್ನು ಇನ್ನೊಬ್ಬರ ಬಾಯಿಂದ ಕೇಳುವುದು ಅವಳಿಗೆ ಇಷ್ಟ. ಹೇಳಿದೆ. ಪಿಸ್ಟನ್ನು ಮೇಲೆ ಕೆಳಗೆ ಓಡುತ್ತಲೇ ಇರುತ್ತದೆ. ಅದರ ತಲೆಯ ಮೇಲೆ ವಾಲ್ವುಗಳಿವೆ. ಗಾಳಿ ಬರುವುದಕ್ಕೊಂದು, ಹೊಗೆ ಹೋಗುವುದಕ್ಕೊಂದು. ಅವು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ಹೇಳುವುದು ಮೇಲೆ ತಿರುಗುವ ಉಬ್ಬಿನ ದಂಡ, ಕ್ಯಾಮು. ಕೆಳಗಿನ ಓಟಕ್ಕೂ ಮೇಲಿನ ಕ್ಯಾಮಿಗೂ ಮಾತು ತಲುಪಿಸುವುದು ಈ ಬೆಲ್ಟು.

"ಗೊತ್ತಾಯ್ತು ಬಿಡು," ಎಂದಳು ಅಜ್ಜಿ. "ಪಿಸ್ಟನ್ ಅನ್ನೋನು ಅವಸರದ ಅಳಿಯ. ವಾಲ್ವು ಅನ್ನೋದು ಒಳಮುಖ ತೆರೆಯೋ ಬಾಗ್ಲು. ಅವನು ಓಡಿ ಬರೋ ಹೊತ್ತಿಗೆ ಬಾಗ್ಲು ಅರ್ಧ ತೆಗೆದಿದ್ರೆ ಹಣೆ ಚಚ್ಚಿಕೊಳ್ತಾನೆ. ಬಾಗ್ಲೂ ಮುರಿಯುತ್ತೆ, ಹಣೇನೂ ಒಡೆಯುತ್ತೆ."

ಇದಕ್ಕಿಂತ ಚೆನ್ನಾಗಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹಿಂದಿನ ಚಕ್ರ ನೆಲಕ್ಕೆ ತಾಗದ ಹಾಗೆ ಬೈಕನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಗೇರು ಹಾಕಿ, ಚಕ್ರವನ್ನು ಮೆಲ್ಲಗೆ ತಿರುಗಿಸಿದೆ. ಬೆಲ್ಟು ಸುತ್ತಿಕೊಳ್ಳುವ ನಡುವಿನ ಪುಟ್ಟ ಗಾಲಿಯ, ಅಂದರೆ ಪುಲ್ಲಿಯ, ಮೇಲೆ ಒಂದು ಚುಕ್ಕೆ ಇರುತ್ತದೆ. ಮೇಲಿನ ಎರಡು ಪುಲ್ಲಿಗಳ ಮೇಲೂ ಒಂದೊಂದು ಗುರುತು. ಈ ಮೂರೂ ಎಂಜಿನ್ನಿನ ಮೈಮೇಲೆ ಕೆತ್ತಿದ ತಮ್ಮ ತಮ್ಮ ಗೆರೆಗೆ ಎದುರಾಗಿ ಬಂದು ನಿಲ್ಲಬೇಕು. ನಿಂತಾಗ ಬೆಲ್ಟು ಬಿಚ್ಚಬೇಕು, ನಿಂತ ಹಾಗೇ ಹೊಸದನ್ನು ಹಾಕಬೇಕು. ಬೆಲ್ಟಿನ ಒಂದೇ ಒಂದು ಹಲ್ಲು ಆಚೀಚೆಯಾದರೂ ಅಜ್ಜಿಯ ಅಳಿಯನ ಹಣೆ ಉಳಿಯುವುದಿಲ್ಲ.

"ಬಂತಾ?"

"ಬರ್ತಾ ಇದೆ ಅಜ್ಜಿ."

"ಮೂರೂ ಜನ ಒಟ್ಟಿಗೆ ಬರ್ಬೇಕು ತಾನೆ? ಸ್ವಲ್ಪ ತಡವಾಗುತ್ತೆ. ನಮ್ಮನೇಲಿ ಊಟಕ್ಕೆ ಕರೆದ್ರೂ ಮೂರು ಜನ ಒಟ್ಟಿಗೆ ಬಂದದ್ದು ನಾನು ನೋಡಿಲ್ಲ."

ಚುಕ್ಕೆ ಬಂದು ಗೆರೆಯೆದುರು ನಿಂತಿತು. ಮೇಲಿನವೂ ಬಂದವು. ಬಿಗಿ ಸಡಿಲಿಸಿ ಹಳೆಯ ಬೆಲ್ಟುಗಳನ್ನು ಜಾರಿಸಿದೆ. ನಿಂತ ಸಿಲಿಂಡರಿನ ಪುಲ್ಲಿ, ಕಟ್ಟು ಬಿಚ್ಚಿದ ಕರುವಿನ ಹಾಗೆ 'ಟಕ್' ಎಂದು ಸ್ವಲ್ಪ ಹೊರಳಿತು. ಅದನ್ನು ಮತ್ತೆ ಗೆರೆಗೆ ತಂದು, ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಹೊಸ ಬೆಲ್ಟು ಏರಿಸಿದೆ. ಎರಡೂ ಕೂತವು. ಇಷ್ಟು ಹೊತ್ತೂ ಅಜ್ಜಿ ಬಾಯಿ ಮುಚ್ಚಿಕೊಂಡಿದ್ದಳೆಂದು ಹೇಳಲಾರೆ. ಆದರೆ ಪಿಸುಮಾತಿನಲ್ಲಿ ಮಾತಾಡಿದಳು. ಅದೇ ದೊಡ್ಡ ಉಪಕಾರ.

ಇನ್ನು ಉಳಿದದ್ದು ಬಿಗಿ. ಬೆಲ್ಟಿನ ಬೆನ್ನಿಗೆ ಒತ್ತಿಕೊಂಡು ಒಂದು ಉರುಳೆ ಇರುತ್ತದೆ. ಅದನ್ನು ಒತ್ತಿದಷ್ಟೂ ಬೆಲ್ಟು ಬಿಗಿಯಾಗುತ್ತದೆ. ಸಡಿಲವಾದರೆ ಹಲ್ಲು ಜಾರುತ್ತದೆ. ಅತಿ ಬಿಗಿಯಾದರೆ ಬೆಲ್ಟು ಕೂಗುತ್ತದೆ, ಬೇರಿಂಗು ಸವೆಯುತ್ತದೆ, ಒಂದು ದಿನ ಹರಿದೇ ಹೋಗುತ್ತದೆ. ಎಷ್ಟು ಬಿಗಿ ಸರಿ ಎಂದು ತಿಳಿಯಬೇಕಾದರೆ ಬೆಲ್ಟನ್ನು ತಂತಿಯ ಹಾಗೆ ಬೆರಳಲ್ಲಿ ಮೀಟಿ ಅದರ ಸ್ವರ ಕೇಳಬೇಕು. ಬೇರೆಯವರು ಇದಕ್ಕೆ ಫೋನು ಹಿಡಿಯುತ್ತಾರೆ. ಬೆಲ್ಟು ಮೀಟಿದರೆ ಫೋನು ಅಂಕಿ ತೋರಿಸುತ್ತದೆ. ಅತ್ತೆಯೂ ಒಮ್ಮೆ ಹಿಡಿದಿದ್ದಳು. ಅಜ್ಜಿ ಅದೇ ಹೊತ್ತಿಗೆ ಕತೆಯಲ್ಲಿ ಒಬ್ಬ ರಾಕ್ಷಸನನ್ನು ಕೂಗಿಸುತ್ತಿದ್ದಳು. ಫೋನು ತೋರಿಸಿದ ಅಂಕಿ ಬೆಲ್ಟಿನದಲ್ಲ, ಕಾರ್ಖಾನೆಯ ಸೈರನ್ನಿನಂಥ ಆ ಕೂಗಿನದು. ಅಜ್ಜಿ ನಿದ್ದೆ ಮಾಡಿದಾಗ ಹಿಡಿದರೆ ಗೊರಕೆಯ ಅಂಕಿ ಬಂತು. ಆಮೇಲೆ ಅತ್ತೆ ಫೋನಿನ ಸಹವಾಸವೇ ಬಿಟ್ಟಳು.

ಅತ್ತೆಯ ಅಳತೆಯೇ ಬೇರೆ. ನನಗೆ ಅವಳು ಹೇಳಿಕೊಟ್ಟದ್ದು ಇಷ್ಟೇ: "ಅಜ್ಜಿ ಕತೆ ಹೇಳ್ವಾಗ ನಾವು ಹೂಂ ಅಂತೀವಲ್ಲ, ಬೆಲ್ಟೂ ಹಾಗೇ ಹೂಂ ಅನ್ಬೇಕು. ಅಷ್ಟೇ ಕಣೇ." ಅವಳು ಬೆಲ್ಟು ಮೀಟುವುದನ್ನು ಎಷ್ಟೋ ಸಲ ನೋಡಿದ್ದೆ. ಅಜ್ಜಿ ಒಂದು ಸಾಲು ಹೇಳುತ್ತಾಳೆ, ಅತ್ತೆ ಹೂಂ ಅನ್ನುತ್ತಾಳೆ, ಬೆಲ್ಟು ಮೀಟುತ್ತಾಳೆ, ಉರುಳೆಯನ್ನು ಕೂದಲೆಳೆಯಷ್ಟು ಸರಿಸುತ್ತಾಳೆ. ಅವಳ ಹೂಂ, ಬೆಲ್ಟಿನ ಹೂಂ ಎರಡೂ ಒಂದಾದಾಗ ಉರುಳೆಯ ಬೋಲ್ಟು ಬಿಗಿಯುತ್ತಾಳೆ. ಅವಳ ಕೈಯಿಂದ ಹೋದ ಬೈಕು ಬೆಲ್ಟಿನ ದೂರು ಹೊತ್ತು ಮರಳಿ ಬಂದದ್ದಿಲ್ಲ.

"ಅಜ್ಜಿ, ಈಗ ಕತೆ ಬೇಕು," ಎಂದೆ.

ಅಜ್ಜಿ ಸೆರಗು ಸರಿಮಾಡಿಕೊಂಡಳು. ನಾನು ಇಲ್ಲೇ ಉಳಿಯುತ್ತೇನೋ ಇಲ್ಲವೋ ಎಂಬುದು ಈ ಬೆಲ್ಟಿನ ಮೇಲಿದೆ ಎಂದು ಅವಳಿಗೂ ಗೊತ್ತು. ನಾನು ಹೋದರೆ ಅವಳಿಗೆ ಹೂಂಗುಟ್ಟುವವರಲ್ಲಿ ಒಂದು ತಲೆ ಕಡಿಮೆಯಾಗುತ್ತದೆ. ಹಾಗಾಗಿ ಇವತ್ತು ಇದ್ದಬದ್ದ ಕಲೆಯನ್ನೆಲ್ಲ ಹೊರತೆಗೆಯಬೇಕೆಂದು ತೀರ್ಮಾನಿಸಿಬಿಟ್ಟಿದ್ದಳು.

"ಒಂದೂರಲ್ಲಿ ಒಬ್ಬ ದರ್ಜಿ. ಅವನು ಬಟ್ಟೆ ಹೊಲೀತಿರ್ಲಿಲ್ಲ. ಜನರ ನೆರಳು ಹೊಲೀತಿದ್ದ."

"ಹೂಂ," ಎಂದೆ. ಮಲಗಿದ ಸಿಲಿಂಡರಿನ ಬೆಲ್ಟು ಮೀಟಿದೆ. 'ಡುಂ' ಎಂದಿತು. ಸಡಿಲ. ಉರುಳೆ ಒತ್ತಿದೆ.

"ಮುಳ್ಳಿಗೆ ಸಿಕ್ಕಿ, ಬಾಗ್ಲ ಸಂದಿಗೆ ಸಿಕ್ಕಿ ನೆರಳು ಹರಿದ್ರೆ ಜನ ಅವನ ಹತ್ರ ಬರೋರು. ಒಂದಿನ ರಾಜನೇ ಬಂದ. ಬಿಸಿಲಲ್ಲಿ ನಿಂತ. ಕಾಲ ಕೆಳಗೆ ನೆರಳೇ ಇಲ್ಲ!"

"ಹೂಂ!"

ಬೆಲ್ಟೂ ಹೂಂ ಎಂದಿತು. ಬೋಲ್ಟು ಬಿಗಿದೆ. ಒಂದು ಮುಗಿಯಿತು. ನಿಂತ ಸಿಲಿಂಡರಿಗೆ ಕೈಹಾಕಿದೆ.

"ಯಾರೋ ಕದ್ದಿದಾರೆ ಅಂದ ರಾಜ. ದರ್ಜಿ ಹುಡುಕ್ತಾ ಹೊರಟ. ಕಾಡು ದಾಟಿದ. ಒಂದು ಹಾಳು ಮನೆ. ಬಾಗ್ಲು ತಾನಾಗೇ ತೆರೀತು. ಒಳಗೆ ಒಂದು ಪೆಟ್ಟಿಗೆ. ಪೆಟ್ಟಿಗೆ ಉಸಿರಾಡ್ತಾ ಇದೆ!"

"ಹೂಂ!!"

"ದರ್ಜಿ ಬೀಗ ಮುಟ್ಟಿದ. ಬೆಚ್ಚಗಿದೆ. ಸೂಜಿ ಹಾಕಿ ಬೀಗ ತಿರುಗಿಸ್ದ. ಮುಚ್ಚಳ ಮೆಲ್ಲಗೆ, ಮೆಲ್ಲಗೆ ಎತ್ತಿದ. ಒಳಗೆ ಏನಿತ್ತು ಗೊತ್ತಾ?"

"ಹೂಂ!!!" ಎಂದೆ. ಅಷ್ಟೇ ಜೋರಾಗಿ ಉರುಳೆ ಒತ್ತಿದೆ. ಬೆಲ್ಟು ಹೂಂ ಎಂದಿತು. ಬೋಲ್ಟು ಬಿಗಿದೆ.

"ತಡಿ ಅಜ್ಜಿ, ಬೆಲ್ಟಾಯ್ತು! ಪೆಟ್ಟಿಗೆ ಹಾಗೇ ಇರ್ಲಿ, ಸ್ಟಾರ್ಟ್ ಮಾಡಿ ನೋಡ್ತೀನಿ."

ಚಕ್ರ ಹಿಡಿದು ಎಂಜಿನ್ನನ್ನು ಕೈಯಲ್ಲೇ ಸುತ್ತಿಸಿದೆ. ಕ್ಯಾಮು ಒಂದು ಸುತ್ತು ಮುಗಿಸುವಾಗ ಕೆಳಗೆ ಪಿಸ್ಟನ್ನಿನ ದಂಡ ಎರಡು ಸುತ್ತು ಮುಗಿಸಿರುತ್ತದೆ. ಮೂರು ಗುರುತುಗಳೂ ಮತ್ತೆ ತಮ್ಮ ಗೆರೆಗೆ ಬಂದು ನಿಂತವು. ಎಲ್ಲೂ ತಡೆಯಲಿಲ್ಲ. ಪ್ಲಗ್ಗು ಹಾಕಿ, ಗೇರು ತೆಗೆದು, ಗುಂಡಿ ಒತ್ತಿದೆ.

ಎಂಜಿನ್ನು ಥಟ್ಟನೆ ಎದ್ದಿತು. ಎದ್ದದ್ದೇ ಕೂಗತೊಡಗಿತು. ಮಲಗಿದ ಸಿಲಿಂಡರಿನ ಕಡೆಯಿಂದ 'ಕುಂಯ್', ನಿಂತದ್ದರ ಕಡೆಯಿಂದ 'ಕೀಂಯ್'. ಬಾಗಿಲ ಸಂದಿಗೆ ಸಿಕ್ಕಿದ ಎರಡು ನಾಯಿಮರಿಗಳ ಹಾಗೆ. ತಕ್ಷಣ ನಿಲ್ಲಿಸಿದೆ.

"ಅದಕ್ಕೇನೇ ಆಯ್ತು?" ಅಜ್ಜಿ ಕೇಳಿದಳು. "ಪೆಟ್ಟಿಗೆ ಒಳಗೆ ಏನಿತ್ತು ಅಂತ ಅದಕ್ಕೂ ತಿಳೀಬೇಕಂತಾ?"

ನನಗೆ ಅಳು ಬರುವುದೊಂದು ಬಾಕಿ. ಬೆಲ್ಟು ಅತಿ ಬಿಗಿಯಾಗಿತ್ತು, ಸಂಶಯವೇ ಇಲ್ಲ. ಒಂದನ್ನು ಮೀಟಿದೆ, ಇನ್ನೊಂದನ್ನು ಮೀಟಿದೆ. ಎರಡೂ ಒಂದೇ ಉದ್ದದ ಬೆಲ್ಟು, ಒಂದೇ ಸ್ವರ ಬರಬೇಕು. ಮೊದಲನೆಯದು ಒಂದು ಸ್ವರ, ಎರಡನೆಯದು ಅದಕ್ಕಿಂತ ಎಷ್ಟೋ ಮೇಲೆ. ಮತ್ತೆ ಮೀಟಿದೆ. ಈ ಸ್ವರ ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ಮೊದಲನೆಯದು, ರಾಜನಿಗೆ ನೆರಳೇ ಇಲ್ಲ ಎಂದಾಗಿನ ನನ್ನ ಹೂಂ. ಎರಡನೆಯದು, ಪೆಟ್ಟಿಗೆ ತೆರೆದಾಗಿನದು.

"ಅಯ್ಯೋ ಅಜ್ಜಿ," ಎಂದೆ, "ನಿನ್ನ ಕತೆ ತುಂಬಾ ಚೆನ್ನಾಗಿತ್ತು."

"ಅದಕ್ಕೆ ಅಯ್ಯೋ ಯಾಕೆ?"

"ಕತೆ ಚೆನ್ನಾಗಿದ್ರೆ ಹೂಂ ಮೇಲೆ ಹೋಗುತ್ತೆ. ಹೂಂ ಮೇಲೆ ಹೋದ್ರೆ ಬೆಲ್ಟು ಬಿಗಿಯಾಗುತ್ತೆ. ನನಗೆ ಈಗ ಬೇಜಾರಿನ ಹೂಂ ಬೇಕು. ಚೆನ್ನಾಗಿಲ್ಲದ ಕತೆ ಹೇಳು."

ಅಜ್ಜಿಯ ಮುಖ ನೋಡಬೇಕಿತ್ತು. ಅಡಿಗೆಯವನಿಗೆ ಸೀದ ಅನ್ನ ಮಾಡು ಎಂದಂತಾಯಿತು. "ಚೆನ್ನಾಗಿಲ್ಲದ್ದು ನನ್ನ ಹತ್ರ ಎಲ್ಲಿದೆ?" ಎಂದಳು. ನಿಜವಾಗಿ ತಡಕಾಡುತ್ತಿರುವಂತೆ ಕಣ್ಣು ಮುಚ್ಚಿದಳು. "ಇರು, ನೋಡ್ತೀನಿ. ಒಂದೂರಲ್ಲಿ ಒಂದು ಕಲ್ಲು."

"ಹೂಂ." ಆಹಾ, ಇದು ಕೆಳಗಿತ್ತು. ಬೇಗಬೇಗ ಬೋಲ್ಟು ಸಡಿಲಿಸತೊಡಗಿದೆ.

"ಆ ಕಲ್ಲು ದಾರಿ ಪಕ್ಕ ಬಿದ್ದಿತ್ತು."

"ಹೂಂ."

"ನಿನ್ನೆನೂ ಬಿದ್ದಿತ್ತು. ಮೊನ್ನೆನೂ ಬಿದ್ದಿತ್ತು." ಅಜ್ಜಿಯ ಹಣೆಯಲ್ಲಿ ಬೆವರು. "ಅದು ಯಾರಿಗೂ ಏನೂ ಮಾಡ್ತಿರ್ಲಿಲ್ಲ. ಸುಮ್ನೆ ಬಿದ್ದಿತ್ತು. ಆದ್ರೆ ಒಂದಿನ ಒಬ್ಬ ಹೆಂಗಸು ಆ ಕಲ್ಲಿನ ಮೇಲೆ ಕೂತ್ಲು, ಕೂತಾಗ ಕೆಳಗಿಂದ ಯಾರೋ 'ಅಮ್ಮಾ, ಭಾರ' ಅಂದ್ರು!"

"ಹೂಂ!!" ಎಂದುಬಿಟ್ಟೆ.

"ಥೂ," ಎಂದಳು ಅಜ್ಜಿ. "ಬಾಯಿ ಜಾರಿಬಿಡ್ತು ನೋಡು."

ಅಷ್ಟರಲ್ಲಿ ಹೊರಗೆ ಗಾಡಿ ನಿಂತ ಸದ್ದಾಯಿತು. ಅತ್ತೆ ಇಳಿದಳು. ಪ್ಲಾಸ್ಟರ್ ಹಾಗೇ ಇತ್ತು, ಮುಖ ಇನ್ನಷ್ಟು ಗಟ್ಟಿಯಾಗಿತ್ತು. ಹಿಂದೆಯೇ ಚಿಕ್ಕಪ್ಪ. ಅವರ ಬೆನ್ನಿಗೆ ಕೈಯಲ್ಲಿ ಹೆಲ್ಮೆಟ್ ಹಿಡಿದು ಹಲ್ಲಿನ ಡಾಕ್ಟರಮ್ಮ. ಬೈಕು ಒಯ್ಯಲು ಬಂದಿದ್ದರು. ನಾನು ಗ್ರೀಸು ಮೆತ್ತಿದ ಕೈಯಲ್ಲಿ, ಎರಡೂ ಉರುಳೆ ಸಡಿಲಿಸಿದ ಎಂಜಿನ್ನಿನ ಮುಂದೆ ಮಂಡಿಯೂರಿ ಕೂತಿದ್ದೆ.

"ಆಗಿಲ್ವಾ ಇನ್ನೂ?" ಎಂದಳು ಅತ್ತೆ.

"ಆಗಿತ್ತು ಅತ್ತೆ. ಬಿಗಿ ಹೆಚ್ಚಾಯ್ತು. ಮತ್ತೆ ಮಾಡ್ತಿದೀನಿ."

ಅತ್ತೆ ಗೋಡೆಗೊರಗಿ ನಿಂತು ಎಡಗೈಯಲ್ಲಿ ಪ್ಲಾಸ್ಟರ್ ಹಿಡಿದುಕೊಂಡಳು. ಚಿಕ್ಕಪ್ಪ ಟೈರಿನ ಮೇಲೆ ಕೂತು ಸಮಾಧಾನದ ದನಿಯಲ್ಲಿ ಶುರುಮಾಡಿದ.

"ಚಿಂತೆ ಮಾಡ್ಬೇಡ ಮಗಳೇ. ನಮ್ಮ ಅಂಗಡಿ ಕೆಲಸ ಕಷ್ಟ ಇಲ್ಲ. ಕಾಗದ ಒಂದು ಅರ್ಥವಾದ್ರೆ ಆಯ್ತು. ಕಾಗದದಲ್ಲಿ ಎರಡು ಥರ. ತೇವ ಇರೋದು, ತೇವ ಇಲ್ಲದ್ದು."

"ಹೂಂ," ಎಂದೆ, ಅಭ್ಯಾಸಬಲದಿಂದ.

ನನ್ನ ಕಿವಿ ನೆಟ್ಟಗಾಯಿತು. ಎಂಥ ಹೂಂ ಅದು! ಕೆಳಗೆ, ಮೆತ್ತಗೆ, ಉದ್ದಕ್ಕೆ. ಅತ್ತೆಯ ಹೂಂ ಥರದ್ದೇ.

"ತೇವ ಇರೋದು ಮಿಷನ್ನಲ್ಲಿ ಸಿಕ್ಕಿಕೊಳ್ಳುತ್ತೆ. ತೇವ ಇಲ್ಲದ್ದೂ ಸಿಕ್ಕಿಕೊಳ್ಳುತ್ತೆ. ಆದ್ರೆ ಬೇರೆ ಕಡೆ."

"ಹೂಂ." ಬೆಲ್ಟು ಮೀಟಿದೆ. ಉರುಳೆಯನ್ನು ಎಳೆಯಷ್ಟು ಒತ್ತಿದೆ. "ನಿಲ್ಲಿಸ್ಬೇಡಿ ಚಿಕ್ಕಪ್ಪ. ಹೇಳಿ, ಹೇಳಿ."

ಚಿಕ್ಕಪ್ಪನಿಗೆ ನಂಬಲಾಗಲಿಲ್ಲ. ಹೇಳು ಎಂದು ಅವನಿಗೆ ಯಾರಾದರೂ ಹೇಳಿದ್ದು ಅದೇ ಮೊದಲಿರಬೇಕು. ಅವನು ಕಾಲು ಚಾಚಿಕೊಂಡ. ಕಾಗದದ ದಪ್ಪದಿಂದ ಕಾಗದದ ಅಂಚಿಗೆ, ಅಂಚಿನಿಂದ ಮೂಲೆಗೆ, ಮೂಲೆಯಿಂದ ಮಿಷನ್ನಿಗೆ ಶಾಯಿಯ ಪುಡಿ ತುಂಬುವ ವಿಧಾನಕ್ಕೆ ಬಂದ. ಡಾಕ್ಟರಮ್ಮ ಆಕಳಿಸಿದರು. ಅಜ್ಜಿಯ ತಲೆ ಎದೆಯ ಮೇಲೆ ಬಾಗಿತು. ನಾನು ಹೂಂ ಎನ್ನುತ್ತಾ, ಮೀಟುತ್ತಾ, ಒತ್ತುತ್ತಾ ಹೋದೆ. ಮಲಗಿದ ಬೆಲ್ಟು ಹೂಂ ಎಂದಿತು. ನಿಂತ ಬೆಲ್ಟೂ ಹೂಂ ಎಂದಿತು. ಎರಡರದೂ ಒಂದೇ ಸ್ವರ. ಬೋಲ್ಟು ಬಿಗಿದೆ.

"ಆಯ್ತಾ? ಸ್ಟಾರ್ಟ್ ಮಾಡಮ್ಮ," ಎಂದರು ಡಾಕ್ಟರಮ್ಮ ಗಡಿಯಾರ ನೋಡುತ್ತಾ. "ಸಂಜೆಗೆ ಪೇಷಂಟ್ ಬರ್ತಾರೆ."

"ಹ್ಞಾ, ಮಾಡು ಮಾಡು," ಎಂದ ಚಿಕ್ಕಪ್ಪನೂ. ತನ್ನ ಮಾತು ಇಷ್ಟು ಫಲ ಕೊಟ್ಟದ್ದು ಕಂಡು ಅವನಿಗೆ ಹುರುಪು ಬಂದುಬಿಟ್ಟಿತ್ತು.

ಅತ್ತೆ ನನ್ನ ಕೈಯನ್ನೇ ನೋಡುತ್ತಿದ್ದಳು. ನನ್ನ ಬೆರಳು ಗುಂಡಿಯ ಹತ್ತಿರ ಹೋಯಿತು. ಹೋದದ್ದು ಅಲ್ಲೇ ನಿಂತಿತು. ಉರುಳೆ ಸಡಿಲಿಸಿದ್ದೆ, ಕಲ್ಲಿನ ಕೆಳಗಿನಿಂದ ಯಾರೋ ಕೂಗಿದ್ದರು, ನಾನು ಬೆಚ್ಚಿದ್ದೆ. ಆಮೇಲೆ ಗುರುತು ನೋಡಿದ್ದೆನೆ?

"ಒಂದ್ನಿಮಿಷ," ಎಂದು ಮತ್ತೆ ಮಂಡಿಯೂರಿದೆ. ಪ್ಲಗ್ಗು ಬಿಚ್ಚಿದೆ, ಗೇರು ಹಾಕಿದೆ, ಚಕ್ರವನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿದೆ. ನಡುವಿನ ಚುಕ್ಕೆ ಗೆರೆಗೆ ಬಂತು. ಮಲಗಿದ್ದರ ಗುರುತೂ ಬಂತು. ನಿಂತದ್ದರ ಗುರುತು ಗೆರೆ ದಾಟಿ ಆಚೆ ನಿಂತು, ಏನೂ ತಿಳಿಯದವರ ಹಾಗೆ ನನ್ನನ್ನು ನೋಡಿತು.

"ಒಂದು ಹಲ್ಲು ಜಾರಿದೆ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಡಾಕ್ಟರಮ್ಮ ಮಾತ್ರ ಕೇಳಿಸಿಕೊಂಡರು. "ಹಲ್ಲಾ?" ಎಂದು ಹೆಲ್ಮೆಟ್ ಕೆಳಗಿಟ್ಟು ಟೈರಿನ ಮೇಲೆ ಕೂತೇಬಿಟ್ಟರು. "ಹಾಗಿದ್ರೆ ನಿಧಾನಕ್ಕೇ ಮಾಡಮ್ಮ. ಪೇಷಂಟ್ ಕಾಯ್ತಾರೆ. ಒಂದು ಹಲ್ಲು ಆಚೀಚೆ ಆದ್ರೆ ಏನಾಗುತ್ತೆ ಅಂತ ನನಗೆ ಯಾರೂ ಹೇಳ್ಕೊಡೋದು ಬೇಡ."

ಬೆಲ್ಟು ಜಾರಿಸಿ, ಪುಲ್ಲಿಯನ್ನು ಗೆರೆಗೆ ತಂದು, ಈ ಸಲ ಅಂಗೈಯಿಂದ ಒತ್ತಿ ಹಿಡಿದೇ ಮತ್ತೆ ಏರಿಸಿದೆ. ಚಿಕ್ಕಪ್ಪ ಕೇಳದೆಯೇ ಪುಡಿಯ ಡಬ್ಬಿಯ ವಿಚಾರ ಮುಂದುವರಿಸಿದ. ಹೂಂ ಎಂದೆ, ಬೆಲ್ಟು ಹೂಂ ಎಂದಿತು, ಬಿಗಿದೆ. ಚಕ್ರ ಸುತ್ತಿಸಿದೆ. ಮೂರೂ ಗುರುತು ಬಂದವು. ಮನಸ್ಸು ಕೇಳಲಿಲ್ಲ, ಇನ್ನೊಮ್ಮೆ ಸುತ್ತಿಸಿದೆ. ಮತ್ತೆ ಬಂದವು. ಪ್ಲಗ್ಗು ಹಾಕಿದೆ, ಗೇರು ತೆಗೆದೆ. ಆಮೇಲೆ ಗುಂಡಿ ಒತ್ತಿದೆ.

ಎಂಜಿನ್ನು ಎದ್ದಿತು. ಕುಂಯ್ ಇಲ್ಲ, ಕೀಂಯ್ ಇಲ್ಲ. ಹೊಟ್ಟೆ ತುಂಬಿದ ಪ್ರಾಣಿಯ ಹಾಗೆ ತನ್ನ ಪಾಡಿಗೆ ತಾನು ಗುನುಗುತ್ತಾ ನಿಂತಿತು.

ಅತ್ತೆ ಗೋಡೆ ಬಿಟ್ಟು ಬಂದು ಎಂಜಿನ್ನಿಗೆ ಕಿವಿಗೊಟ್ಟಳು. ಎಡಗೈ ಇಟ್ಟು ನೋಡಿದಳು. ಆಮೇಲೆ ತಮ್ಮನ ಕಡೆ ತಿರುಗಿ, "ಲೋ, ನಿನ್ನ ಸ್ಟೂಲ್ ಬೇರೆ ಯಾರಿಗಾದ್ರೂ ಹಾಕು," ಎಂದಳು.

"ಅಲ್ಲಕ್ಕಾ, ಬಿಗಿ ತಪ್ಪಿತ್ತು, ಹಲ್ಲು ತಪ್ಪಿತ್ತು..."

"ತಪ್ಪಿತ್ತು. ಯಾರಿಗೆ ಗೊತ್ತಾಯ್ತು? ನಿನಗಾ? ಇಬ್ಬರು ಒತ್ತು ಒತ್ತು ಅಂತಿದ್ರೂ ಇವಳು ಬೆರಳು ಹಿಂದಕ್ಕೆ ತಗೊಂಡ್ಲು. ಅದು ಬಂದ್ರೆ ಉಳಿದದ್ದೆಲ್ಲ ಬರುತ್ತೆ." ನನ್ನ ಕಡೆ ನೋಡಿ, "ಏ ಮೋಡ, ಸೋಮವಾರ ಬೇಗ ಬಾ," ಎಂದಳು.

"ಹೂಂ," ಎಂದೆ. ಅದು ಯಾವ ಸ್ವರದಲ್ಲಿತ್ತು ಎಂದು ನನ್ನನ್ನು ಕೇಳಬೇಡಿ.

"ಮತ್ತೆ ನೀನೂ ಬಾರೋ," ಎಂದಳು ಅತ್ತೆ ಚಿಕ್ಕಪ್ಪನಿಗೆ. "ಬೆಲ್ಟಿನ ಕೆಲಸ ಇದ್ದಾಗ ಹೇಳಿ ಕಳ್ಸ್ತೀನಿ."

"ಕಾಗದದ ಬಗ್ಗೆ ಹೇಳೋದು ಇನ್ನೂ ಬಹಳ ಇದೆ," ಎಂದ ಅವನು, ಕಣ್ಣು ಹೊಳೆಸುತ್ತಾ.

ಅಷ್ಟರಲ್ಲಿ ಕುರ್ಚಿಯಿಂದ ದನಿ ಬಂತು. ಅಜ್ಜಿ ಎಚ್ಚರವಾಗಿದ್ದಳು. ಅವಳು ನನ್ನನ್ನು ನೋಡುತ್ತಿರಲಿಲ್ಲ, ಮಗಳನ್ನೇ ನೋಡುತ್ತಿದ್ದಳು.

"ಅಲ್ಲ ಕಣೇ," ಎಂದಳು ನಿಧಾನವಾಗಿ. "ಬೆಲ್ಟು ಸರಿಯಾಗ್ಬೇಕಾದ್ರೆ ಬೇಜಾರಿನ ಹೂಂ ಬೇಕಂತೆ. ನೀನು ಇಷ್ಟು ವರ್ಷ ನನ್ನ ಕತೆಗೆ ಹೂಂ ಅಂದ್ಕೊಂಡೇ ಬೆಲ್ಟು ಕಟ್ತಾ ಬಂದೆ. ಒಂದೂ ತಪ್ಪಿಲ್ಲ. ಒಂದೂ ಬೈಕು ವಾಪಸ್ ಬಂದಿಲ್ಲ."

 ಊರಿನಲ್ಲಿ ಓಡಾಡುವ ಬೈಕುಗಳಲ್ಲಿ ಎಷ್ಟೋ ಅತ್ತೆಯ ಕೈಯಿಂದ ಹೋದವು. ಅವೆಲ್ಲ ಒಟ್ಟಾಗಿ ಅಜ್ಜಿಯ ಕತೆಗಳ ವಿರುದ್ಧ ಸಾಕ್ಷಿ ಹೇಳುತ್ತಿರುವಂತೆ ನನಗೆ ಅನ್ನಿಸಿತು. ಚಿಕ್ಕಪ್ಪ ಮೇಲೆ ಛಾವಣಿ ನೋಡಿದ. ಡಾಕ್ಟರಮ್ಮ ಹೆಲ್ಮೆಟ್ಟಿನ ಪಟ್ಟಿ ನೋಡಿದರು.

ಅತ್ತೆಯ ಕಿವಿ ಕೆಂಪಾಯಿತು. ಅವಳು ಕಾಲುಮಣೆಯನ್ನು ಹುಷಾರಾಗಿ ಸರಿಸಿ ಅದರ ಮೇಲೆ ಕೂತಳು.

"ಬೇಜಾರಲ್ಲಮ್ಮ. ನಿದ್ದೆ," ಎಂದಳು. "ಚಿಕ್ಕವಳಿದ್ದಾಗ ನೀನು ಕತೆ ಶುರುಮಾಡಿದ್ರೆ ಸಾಕು, ಕಣ್ಣು ಎಳೀತಿತ್ತು. ಈಗ್ಲೂ ಅದೇ ಅಭ್ಯಾಸ. ನಿನ್ನ ದನಿ ಕೇಳಿದ ಕೂಡ್ಲೇ ಮೈಯೆಲ್ಲ ಸಡಿಲ ಆಗುತ್ತೆ. ಆಗ ಬರೋ ಹೂಂ ಅದು."

"ಹಾಗಾದ್ರೆ ನೀನು ನನ್ನ ಕತೆ..."

"ಒಂದೂ ಕೊನೆವರೆಗೂ ಕೇಳಿಲ್ಲ."

ಅಜ್ಜಿ ಇದನ್ನು ಬಾಯಲ್ಲಿಟ್ಟುಕೊಂಡು ರುಚಿ ನೋಡುವವಳ ಹಾಗೆ ತುಟಿ ಆಡಿಸಿದಳು. ಸಿಟ್ಟಾಗಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ. ಎದುರಿಗೆ ಕೆಂಪು ಬೈಕು ಗುನುಗುತ್ತಲೇ ಇತ್ತು. ಅದನ್ನು ಕೇಳುತ್ತಾ ಕೇಳುತ್ತಾ ಅವಳ ಮುಖ ಸಡಿಲಾಯಿತು. ಇಷ್ಟು ಎಡೆಬಿಡದೆ ಹೂಂಗುಟ್ಟುವವರು ಅವಳಿಗೆ ಜನ್ಮದಲ್ಲೇ ಸಿಕ್ಕಿರಲಿಲ್ಲ.

"ದರ್ಜಿ ಪೆಟ್ಟಿಗೆ ಮುಚ್ಚಳ ತೆಗೆದ," ಎಂದು ಬಿಟ್ಟಲ್ಲಿಂದಲೇ ಹಿಡಿದಳು. "ಒಳಗೆ ಇದ್ದದ್ದು ರಾಜನ ನೆರಳೇ. ಆದ್ರೆ ಈಗಿನದಲ್ಲ. ಅವನು ಮಗು ಆಗಿದ್ದಾಗಿನದು. ಅವನಮ್ಮ ಮಡಚಿ ಎತ್ತಿಟ್ಟಿದ್ಲು. ಬೆರಳು ಚೀಪ್ಕೊಂಡು ಮಲಗಿತ್ತು."

"ಹೂಂ!" ಎಂದಳು ಅತ್ತೆ.

ಎಲ್ಲರೂ ತಿರುಗಿ ನೋಡಿದೆವು. ಅಷ್ಟು ಎತ್ತರದ ಹೂಂ ಅತ್ತೆಯ ಗಂಟಲಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅತ್ತೆ ಎಡಗೈಯಿಂದ ಬಾಯಿ ಮುಚ್ಚಿಕೊಂಡಳು.

ಅಜ್ಜಿ ಕುರ್ಚಿಗೆ ಒರಗಿ ಕೂತು, ಎಲ್ಲರ ಮುಖವನ್ನೂ ಒಮ್ಮೆ ನೋಡಿ, ಕೊನೆಗೆ ನನ್ನ ಕಡೆ ಬೆರಳು ತೋರಿಸಿದಳು.

"ಏ ಮೋಡ," ಎಂದಳು, "ಈ ಹೂಂಗೆ ಮಾತ್ರ ಬೆಲ್ಟು ಕಟ್ಬೇಡ ಕಣೇ. ಹರಿದುಹೋದೀತು."